ಹಳೇ ಬೆಂಜ್ ಕಾರನ್ನು ಚಿಕ್ಕಮಗಳೂರಲ್ಲಿ ಇಟ್ಟುಕೊಳ್ಳಬಹುದಾ? ಡೀಲರ್ ಸರ್ವಿಸ್ ಮತ್ತು ಹಾಸನದ ಒಂದು ಗ್ಯಾರೇಜ್ ಬಗ್ಗೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಲಕ್ಷುರಿ ಕಾರನ್ನು ನಮ್ಮ ಕಡೆ ಧಾರಾಳವಾಗಿ ಇಟ್ಟುಕೊಳ್ಳಬಹುದು. ಆದರೆ ಡೀಲರ್ ಸರ್ವಿಸ್ ಒಂದನ್ನೇ ನಂಬಿಕೊಂಡರೆ ಕಾರು ಕೆಡುವ ಮೊದಲು ಜೇಬು ಖಾಲಿಯಾಗುತ್ತದೆ. ಏನು ಕೆಟ್ಟಿದೆ ಎಂದು ತಿಳಿಯಲು ಡೀಲರ್ ಹತ್ತಿರ ಹೋಗಿ. ಚೆಕ್ ಮಾಡಿದ್ದಕ್ಕೆ ಚೌಕಾಸಿ ಮಾಡದೆ ದುಡ್ಡು ಕೊಡಿ, ರಿಪೋರ್ಟ್ ಪ್ರಿಂಟ್ ತೆಗೆಸಿಕೊಳ್ಳಿ. ರಿಪೇರಿ ಹೊರಗಡೆ ಮಾಡಿಸಿ. ಡೀಲರ್ ಬಿಟ್ಟರೆ ಬೇರೆ ಯಾರಿಂದಲೂ ಆಗದ ಕೆಲವು ಕೆಲಸ ಇವೆ, ಅವನ್ನು ಮುಂದೆ ಹೇಳುತ್ತೇನೆ.

ಕಾರು 2014ರ ಮರ್ಸಿಡಿಸ್ ಇ 250 ಸಿಡಿಐ. ಡಬ್ಲ್ಯು212 ಎಂದು ಕರೆಯುವ ಮಾಡೆಲ್. 2009ರಲ್ಲಿ ಬಂತು, 2013ರಲ್ಲಿ ಮುಂಭಾಗ ಪೂರ್ತಿ ಬದಲಾಯಿತು. ನನ್ನದು ಬದಲಾದ ಮೇಲಿನದು. ಓಎಂ651 ಡೀಸೆಲ್ ಇಂಜಿನ್, 2,143 ಸಿಸಿ, 204 ಎಚ್‌ಪಿ, 500 ಎನ್‌ಎಂ ಟಾರ್ಕ್, ಏಳು ಗೇರಿನ ಆಟೋಮ್ಯಾಟಿಕ್. ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಹೊಸದರಲ್ಲಿ ಅರ್ಧ ಕೋಟಿ ಹತ್ತಿರ ಇದ್ದ ಗಾಡಿ ಈಗ ಒಂದು ಸಾಧಾರಣ ಹೊಸ ಕಾರಿನ ಬೆಲೆಗೆ ಸಿಗುತ್ತದೆ, ನಿಜ. ಇಲ್ಲೇ ತುಂಬಾ ಜನ ಮೋಸ ಹೋಗುವುದು. ಬೆಲೆ ಇಳಿದದ್ದು ಕಾರಿನದು ಮಾತ್ರ, ಸ್ಪೇರ್ ಪಾರ್ಟ್ಸ್ ಬೆಲೆ ಇಳಿದಿಲ್ಲ. ಬಂಪರಿನ ಪ್ಲಾಸ್ಟಿಕ್ ಕ್ಲಿಪ್ಪಿಗೂ ಅರ್ಧ ಕೋಟಿ ಕಾರಿನ ರೇಟೇ ಹಾಕುತ್ತಾರೆ.

ಗಾಡಿ ಮನೆಗೆ ಬಂದಾಗ ನಮ್ಮ ದೊಡ್ಡಪ್ಪ ಒಂದು ಸುತ್ತು ಹಾಕಿ ನೋಡಿ, "ಎಂತ ಮಾರಾಯ, ಇದು ನಮ್ಮ ತೋಟದ ಗೇಟ್ ದಾಟ್ತದಾ?" ಅಂದರು. ದಾಟುವುದಿಲ್ಲ. ತೋಟಕ್ಕೆ ಈಗಲೂ ಜೀಪೇ. ಇದು ಬೇಲೂರು, ಹಾಸನ, ಬೆಂಗಳೂರು ಕಡೆ ಹೋಗಲು ಇಟ್ಟುಕೊಂಡ ಕಾರು. ಚನ್ನರಾಯಪಟ್ಟಣ ದಾಟಿ ಕುಣಿಗಲ್ ಕಡೆ ಆ ನಾಲ್ಕು ಲೇನ್ ರಸ್ತೆಯಲ್ಲಿ ಇದನ್ನು ಓಡಿಸಿದರೆ ಯಾಕೆ ತೆಗೆದುಕೊಂಡೆ ಎಂದು ಯಾರೂ ಕೇಳುವುದಿಲ್ಲ. ಕಷ್ಟ ಇರುವುದು ಊರ ಹತ್ತಿರ. ಬಣ್ಣ ಬಳಿಯದ ಹಂಪ್‌ಗಳು, ಮಳೆಗಾಲದಲ್ಲಿ ಅಂಚು ಕೊಚ್ಚಿಹೋದ ಟಾರು, ಎದುರಿಗೆ ಲಾರಿ ಬಂದರೆ ಕೆಳಗೆ ಇಳಿಸಲೇಬೇಕಾದ ರಸ್ತೆ. ಈ ಕಾರಿನ ಇಂಜಿನ್ ಅಷ್ಟು ಬೇಗ ಸೋಲುವುದಿಲ್ಲ. ಮುಂದಿನ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಸೋಲುತ್ತವೆ.

ನನಗೂ ಶುರುವಾದದ್ದು ಅಲ್ಲಿಂದಲೇ. ಮುಂದಿನಿಂದ ಟಕ್ ಟಕ್ ಶಬ್ದ. ಜೋರಾಗಿ ಬ್ರೇಕ್ ಹಿಡಿದರೆ ಸ್ಟೀರಿಂಗ್ ನಡುಗುತ್ತಿತ್ತು. ಕಾರು ನಿಲ್ಲಿಸಿದ ಜಾಗದಲ್ಲಿ ಸಣ್ಣ ಎಣ್ಣೆ ಕಲೆ. ಸಿಗ್ನಲ್ ಹತ್ತಿರ ನಿಧಾನವಾಗುವಾಗ ಗೇರ್ ಇಳಿಯುತ್ತಾ ಒಂದು ಸಣ್ಣ ಜರ್ಕ್. ಹತ್ತು ವರ್ಷ ದಾಟಿದ ಗಾಡಿಗೆ ಇವು ಯಾವುವೂ ವಿಶೇಷ ಅಲ್ಲ. ಹಾಗಂತ ಚಿಕ್ಕಮಗಳೂರಲ್ಲಿ ತೋರಿಸುವುದು ಯಾರಿಗೆ? ಇಲ್ಲಿನ ಮೆಕ್ಯಾನಿಕ್‌ಗಳು ಜೀಪನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುತ್ತಾರೆ. ಇದರ ಬಾನೆಟ್ ತೆಗೆದು ತೋರಿಸಿದಾಗ ಒಬ್ಬರು ನಗುತ್ತಾ, "ಅಣ್ಣ, ಇದಕ್ಕೆ ಕಂಪ್ಯೂಟರ್ ಬೇಕು, ಸುಮ್ನೆ ನಾನು ಕೈ ಹಾಕಲ್ಲ" ಅಂದರು. ಗೊತ್ತಿಲ್ಲದ್ದಕ್ಕೆ ಕೈ ಹಾಕದ ಮೆಕ್ಯಾನಿಕ್ ಸಿಗುವುದೇ ಅಪರೂಪ. ಟೈರ್, ಪಂಕ್ಚರ್, ವಾಷಿಂಗ್‌ಗೆ ಈಗಲೂ ಅವರ ಹತ್ತಿರವೇ ಹೋಗುತ್ತೇನೆ.

ಹಾಗಾಗಿ ಬೆಂಗಳೂರಿನ ಒಂದು ಡೀಲರ್ ವರ್ಕ್‌ಶಾಪ್. ಹೆಸರು ಬೇಡ. ಇಲ್ಲಿಂದ ಹೋಗುವುದೇ ಸುಮಾರು 245 ಕಿಲೋಮೀಟರ್, ಹೋಗಿಬರುವ ಡೀಸೆಲ್ಲು, ಟೋಲು, ಕಾರು ಅಲ್ಲೇ ಉಳಿದರೆ ನಮ್ಮ ಲಾಡ್ಜ್ ಖರ್ಚು, ಎಲ್ಲ ಸೇರಿಸಿದರೆ ಬಿಲ್ಲು ಶುರುವಾಗುವ ಮೊದಲೇ ಒಂದು ಬಿಲ್ಲು ಆಗಿರುತ್ತದೆ. ಬೆಂಗಳೂರಿನವರು ಬರೆದ ರಿವ್ಯೂಗಳಲ್ಲಿ ಈ ಲೆಕ್ಕ ಇರುವುದಿಲ್ಲ.

ಒಳಗೆ ಹೋದರೆ ಎಸಿ ಲಾಂಜ್, ಸೋಫಾ, ಮೆಷಿನ್ ಕಾಫಿ. ಚಿಕ್ಕಮಗಳೂರಿನವನ ಕೈಗೆ ಮೆಷಿನ್ ಕಾಫಿ ಕೊಟ್ಟಾಗ ಮುಖ ಹೇಗಿರುತ್ತದೆ ಎಂದು ನೀವೇ ಊಹಿಸಿ. ಸರ್ವಿಸ್ ಅಡ್ವೈಸರ್ ತುಂಬಾ ಮರ್ಯಾದೆಯ ಹುಡುಗ. ಟ್ಯಾಬ್ ಹಿಡಿದು ಗಾಡಿ ಸುತ್ತ ಫೋಟೋ ತೆಗೆದ, ಇದ್ದ ಗೀರು ಎಲ್ಲ ಬರೆದುಕೊಂಡ, ಸಹಿ ಹಾಕಿಸಿಕೊಂಡ. ಈ ಕೆಲಸ ಅಚ್ಚುಕಟ್ಟು. ಸಂಜೆ ಹೊತ್ತಿಗೆ ಎಸ್ಟಿಮೇಟ್ ಬಂತು. ಮದುವೆ ಮನೆ ಸಾಮಾನಿನ ಪಟ್ಟಿಯ ಹಾಗೆ ಇತ್ತು. ಮುಂದಿನ ಎರಡೂ ಕಡೆ ಎಲ್ಲ ಸಸ್ಪೆನ್ಷನ್ ಆರ್ಮ್‌ಗಳು, ನಾಲ್ಕೂ ಶಾಕ್ ಅಬ್ಸಾರ್ಬರ್, ಇಂಜಿನ್ ಮೌಂಟ್, ಆಯಿಲ್ ಕೂಲರ್ ಗ್ಯಾಸ್ಕೆಟ್, ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್, ಗೇರ್‌ಬಾಕ್ಸ್ ಸರ್ವಿಸ್. ಅದರ ಜೊತೆಗೆ ಎಸಿ ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್, ಕನ್ಸ್ಯೂಮಬಲ್ಸ್ ಅಂತ ಇನ್ನೊಂದಿಷ್ಟು ಸಾಲು. ಒಟ್ಟು ಮೂರು ಲಕ್ಷ ದಾಟಿತ್ತು.

"ಸೇಫ್ಟಿ ವಿಷಯ ಸಾರ್, ಈಗಲೇ ಮಾಡಿಸಿಬಿಡಿ."

"ಸರಿ. ಲಿಫ್ಟ್ ಮೇಲೆ ಹಾಕಿ ಒಂದೊಂದೇ ತೋರಿಸಿ, ನೋಡ್ತೀನಿ."

ಅಲ್ಲಿ ಸ್ವಲ್ಪ ತಡವರಿಸಿದ. ಕಸ್ಟಮರ್‌ಗಳು ವರ್ಕ್‌ಶಾಪ್ ಒಳಗೆ ಬರುವ ಹಾಗಿಲ್ಲ, ಇನ್ಶೂರೆನ್ಸ್ ರೂಲ್ಸ್, ಅದು ಇದು ಅಂದ. ದೂರದಿಂದ ಬಂದಿದ್ದೇನೆ, ನೋಡದೆ ಸಹಿ ಹಾಕುವುದಿಲ್ಲ ಅಂದೆ. ದನಿ ಏರಿಸಲಿಲ್ಲ, ಅದರ ಅಗತ್ಯವೇ ಬರುವುದಿಲ್ಲ. ಸುಮ್ಮನೆ ಕೂತರೆ ಸಾಕು, ಅವರಿಗೂ ಗಾಡಿ ನಿಂತ ಜಾಗ ಖಾಲಿಯಾಗಬೇಕಲ್ವಾ. ಅರ್ಧ ಗಂಟೆಯಲ್ಲಿ ಒಳಗೆ ಕರೆದರು.

ಡೀಲರ್ ಕಡೆಯ ಅತ್ಯುತ್ತಮ ಭಾಗ ಇದೇ. ಲಿಫ್ಟ್ ಕೆಳಗೆ ನಿಂತಿದ್ದ ಟೆಕ್ನಿಷಿಯನ್‌ಗೆ ವಯಸ್ಸು ಚಿಕ್ಕದು, ಆದರೆ ಕೆಲಸ ಗೊತ್ತು. ಮುಂದಿನ ಟಾರ್ಕ್ ಸ್ಟ್ರಟ್‌ಗೆ, ಅಂದರೆ ಚಕ್ರವನ್ನು ಹಿಡಿದಿಡುವ ಆರ್ಮ್‌ಗಳಲ್ಲಿ ಒಂದಕ್ಕೆ, ಟಾರ್ಚ್ ಬಿಟ್ಟು ತೋರಿಸಿದ. ಅದರ ರಬ್ಬರ್ ಬುಷ್ ಒಳಗೆ ದ್ರವ ತುಂಬಿರುತ್ತದೆ, ರಬ್ಬರ್ ಬಿರುಕು ಬಿಟ್ಟರೆ ಅದು ಸೋರಿಹೋಗಿ ಬ್ರೇಕ್ ಹಿಡಿದಾಗ ನಡುಕ ಬರುತ್ತದೆ. ಎರಡೂ ಕಡೆ ಬಿರುಕು ಕಣ್ಣಿಗೇ ಕಾಣುತ್ತಿತ್ತು. ಇನ್ನೊಂದು ಆರ್ಮ್? ಪ್ರೈ ಬಾರ್ ಹಾಕಿ ಅಲ್ಲಾಡಿಸಿದ, ಆಟ ಇರಲಿಲ್ಲ. ಶಾಕ್ ಅಬ್ಸಾರ್ಬರ್? "ಒಂದು ಸ್ವಲ್ಪ ಪಸೆ ಆಗಿದೆ ಸಾರ್, ಸೋರ್ತಿಲ್ಲ. ಇನ್ನೂ ಓಡಿಸಬಹುದು." ಬ್ರೇಕ್ ಡಿಸ್ಕ್‌ಗೆ ಕ್ಯಾಲಿಪರ್ ಹಿಡಿದು ಅಳತೆ ಮಾಡಲು ಕೇಳಿದೆ. ಕನಿಷ್ಠ ಎಷ್ಟು ದಪ್ಪ ಇರಬೇಕು ಎಂದು ಡಿಸ್ಕ್ ಮೇಲೇ ಕೆತ್ತಿರುತ್ತದೆ. ನನ್ನದು ಅದಕ್ಕಿಂತ ಆರಾಮಾಗಿ ಜಾಸ್ತಿ ಇತ್ತು. ಪ್ಯಾಡ್ ಮಾತ್ರ ಸವೆದಿತ್ತು. ಅಡ್ವೈಸರ್ ಪಕ್ಕದಲ್ಲೇ ನಿಂತು ಟ್ಯಾಬ್ ನೋಡುತ್ತಿದ್ದ, ಮಾತಾಡಲಿಲ್ಲ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಟಾರ್ಗೆಟ್ ಕೊಟ್ಟು ಕೂರಿಸಿದರೆ ಯಾರಾದರೂ ಇಷ್ಟೇ ಮಾಡುವುದು. ಆದರೆ ದುಡ್ಡು ಕೊಡುವವನು ಅಡ್ವೈಸರ್ ಮಾತು ಕೇಳಿ ಸಹಿ ಹಾಕಬಾರದು, ಟೆಕ್ನಿಷಿಯನ್ ತೋರಿಸಿದ್ದನ್ನು ನೋಡಿ ಹಾಕಬೇಕು.

ಆಯಿಲ್ ಲೀಕ್ ನಿಜವೇ ಇತ್ತು. ಆಯಿಲ್ ಕೂಲರ್ ಹತ್ತಿರದ ಸೀಲ್. ಓಎಂ651 ಇಂಜಿನ್‌ಗೆ ವಯಸ್ಸಾದ ಮೇಲೆ ಇದು ಎಲ್ಲ ಕಡೆ ಬರುವ ಕೆಲಸ. ಸೀಲ್ ಬೆಲೆ ಸಣ್ಣದು, ಅಲ್ಲಿವರೆಗೆ ಕೈ ಹೋಗಲು ಬಿಚ್ಚುವುದೇ ದೊಡ್ಡದು. ಬಿಲ್ಲಿನಲ್ಲಿ ಲೇಬರ್ ಜಾಸ್ತಿ ಕಂಡರೆ ಗಾಬರಿ ಬೇಡ, ಇದರಲ್ಲಿ ಅದು ನ್ಯಾಯ. ಆ ದಿನ ನಾನು ಡೀಲರ್ ಹತ್ತಿರ ಮಾಡಿಸಿದ್ದು ಇಷ್ಟೇ: ಮರ್ಸಿಡಿಸ್‌ನ ಕ್ಸೆಂಟ್ರಿ ಎನ್ನುವ ಕಂಪ್ಯೂಟರ್ ಸಿಸ್ಟಮ್ ಹಾಕಿ ಪೂರ್ತಿ ಚೆಕ್, ಅದರ ಪ್ರಿಂಟ್, ವಿಐಎನ್ ನಂಬರ್ (ಚಾಸಿಸ್ ನಂಬರ್) ಹಾಕಿ ಯಾವುದಾದರೂ ರಿಕಾಲ್, ಅಂದರೆ ತಯಾರಿಕೆಯ ದೋಷಕ್ಕೆ ಕಂಪನಿಯೇ ಗಾಡಿ ವಾಪಸ್ ಕರೆದದ್ದು, ಬಾಕಿ ಇದೆಯಾ ಎಂದು ನೋಡುವುದು. ರಿಕಾಲ್ ಕೆಲಸ ಇದ್ದರೆ ಕಂಪನಿ ಪುಕ್ಕಟೆ ಮಾಡಿಕೊಡಬೇಕು, ಗಾಡಿ ಎಷ್ಟನೇ ಓನರ್ ಹತ್ತಿರ ಇದ್ದರೂ ಸರಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು ಇದನ್ನು ಕೇಳುವುದೇ ಇಲ್ಲ.

ಇನ್ನು ಬೇಸರದ ಭಾಗ. ಸಂಜೆ ಕೊಡುತ್ತೇವೆ ಅಂದ ಗಾಡಿ ಮಾರನೇ ದಿನ ಮಧ್ಯಾಹ್ನ ಸಿಕ್ಕಿತು. ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ "ವಾಷಿಂಗಿಗೆ ಹೋಗಿದೆ ಸಾರ್" ಒಂದೇ ಉತ್ತರ. ಬಿಲ್ಲಿನಲ್ಲಿ ನಾನು ಬೇಡ ಅಂದಿದ್ದ ಎಸಿ ಕ್ಲೀನಿಂಗ್ ಮತ್ತೆ ಬಂದು ಕೂತಿತ್ತು. ತೋರಿಸಿದ ಮೇಲೆ ತೆಗೆದರು, ಆದರೆ ತೋರಿಸದೆ ಇದ್ದರೆ? ಇದಕ್ಕೂ ಮುಂಚೆ ಒಮ್ಮೆ ಅಲ್ಲೇ ಒಂದು ಸೆನ್ಸರ್ ಬದಲಾಯಿಸಿದಾಗ ಹಳೇ ಪಾರ್ಟ್ ಕೇಳಿದ್ದೆ, ಸ್ಕ್ರ್ಯಾಪ್‌ಗೆ ಹೋಯಿತು ಅಂದಿದ್ದರು. ಕೆಲಸ ಕೊಡುವಾಗಲೇ ಜಾಬ್ ಕಾರ್ಡ್ ಮೇಲೆ "ಹಳೇ ಪಾರ್ಟ್ ವಾಪಸ್ ಬೇಕು" ಎಂದು ಬರೆಸಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಎಸ್ಟಿಮೇಟ್ ಮೇಲೆ ಜಿಎಸ್‌ಟಿ ಕೂಡ ನೋಡಿ. ಪಾರ್ಟ್ಸ್ ಮೇಲೆ ಮೊದಲು ಶೇಕಡಾ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18. ಅದಕ್ಕಿಂತ ಹಳೆಯ ಎಸ್ಟಿಮೇಟ್ ಕೈಯಲ್ಲಿದ್ದರೆ ಹೊಸದಾಗಿ ಮಾಡಿಸಿ, ದೊಡ್ಡ ಬಿಲ್ಲಿನಲ್ಲಿ ಅದೇ ಸಾವಿರಗಟ್ಟಲೆ ಆಗುತ್ತದೆ. ಮಾತಿಗೆ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ನನಗೆ ಅಲ್ಲಿವರೆಗೆ ಹೋಗುವ ಪ್ರಮೇಯ ಬರಲಿಲ್ಲ.

ಈಗ ಹಾಸನ. ಬಿಎಂ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಗ್ಯಾರೇಜ್. ನಡೆಸುವವರು ಬೆಂಗಳೂರಲ್ಲಿ ಇಂಥದೇ ಕಾರುಗಳ ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಊರಿಗೆ ವಾಪಸ್ ಬಂದವರು. ಬೋರ್ಡ್ ನೋಡಿದರೆ ಏನೂ ಅನ್ನಿಸುವುದಿಲ್ಲ. ಒಳಗೆ ಲಿಫ್ಟ್ ಇದೆ, ಒಳ್ಳೆ ಸ್ಕ್ಯಾನರ್ ಇದೆ, ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚ್ ಗೋಡೆ ಮೇಲೆ ನೇತು ಹಾಕಿಲ್ಲ, ಕೈಯಲ್ಲಿ ಇದೆ. ನಾನು ಹೊರಗಿನ ಗ್ಯಾರೇಜ್ ಪರೀಕ್ಷೆ ಮಾಡಲು ಒಂದೇ ಪ್ರಶ್ನೆ ಕೇಳುತ್ತೇನೆ: ಈ ಗೇರ್‌ಬಾಕ್ಸ್ ಆಯಿಲ್ ಲೆವೆಲ್ ಹೇಗೆ ನೋಡುತ್ತೀರಿ? ಈ ಏಳು ಗೇರಿನ ಗೇರ್‌ಬಾಕ್ಸ್‌ಗೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇರುವುದಿಲ್ಲ. ಇಂಜಿನ್ ಚಾಲೂ ಇಟ್ಟು, ಆಯಿಲ್ 45 ಡಿಗ್ರಿಗೆ ಬಂದಾಗ ಕೆಳಗಿನ ಬೋಲ್ಟ್ ತೆಗೆದರೆ ಜಾಸ್ತಿ ಇದ್ದದ್ದು ತಾನೇ ಹೊರಗೆ ಬರುತ್ತದೆ, ಉಳಿದದ್ದೇ ಸರಿಯಾದ ಲೆವೆಲ್. ಆ ಬಿಸಿ ತಿಳಿಯಲು ಸ್ಕ್ಯಾನರ್ ಬೇಕು. "ಎಷ್ಟು ತೆಗೆದೆವೋ ಅಷ್ಟೇ ಹಾಕ್ತೀವಿ" ಎಂದು ಹೇಳಿದ ಜಾಗದಿಂದ ನಮಸ್ಕಾರ ಹೇಳಿ ಹೊರಟಿದ್ದೇನೆ. ಇವರು ಮಾತ್ರ, "45 ಡಿಗ್ರಿಗೆ ನೋಡ್ಬೇಕು ಸಾರ್, ನಿಮ್ದಕ್ಕೆ ನೀಲಿ ಆಯಿಲ್ ಬರುತ್ತೆ, ಕೆಂಪು ಹಾಕ್ಬಾರ್ದು" ಅಂದರು. ಸರಿಯಾದ ಮಾತು. ಮರ್ಸಿಡಿಸ್‌ನ 236.15 ಸ್ಪೆಕ್ ಆಯಿಲ್ ನೀಲಿ, ಹಳೇ ಗೇರ್‌ಬಾಕ್ಸ್‌ಗಳ 236.14 ಕೆಂಪು. ಅಲ್ಲೇ ಗಾಡಿ ಬಿಟ್ಟೆ.

ಡೀಲರ್ ರಿಪೋರ್ಟ್ ಮುಂದೆ ಇಟ್ಟ ಕೂಡಲೇ ಮಾತು ಸುಲಭ ಆಯಿತು. ಇವರು ಮೊದಲಿಂದ ಹುಡುಕಬೇಕಾಗಿಲ್ಲ. ಎರಡೂ ಟಾರ್ಕ್ ಸ್ಟ್ರಟ್, ಮುಂದಿನ ಬ್ರೇಕ್ ಪ್ಯಾಡ್, ಆಯಿಲ್ ಕೂಲರ್ ಸೀಲ್, ಗೇರ್‌ಬಾಕ್ಸ್ ಆಯಿಲ್ ಮತ್ತು ಫಿಲ್ಟರ್. ಸ್ಟ್ರಟ್ ಲೆಮ್‌ಫೋರ್ಡರ್ ಕಂಪನಿಯದು ತರಿಸಿದರು. ಮರ್ಸಿಡಿಸ್‌ಗೆ ಸಸ್ಪೆನ್ಷನ್ ಪಾರ್ಟ್ಸ್ ಮಾಡಿಕೊಡುವ ಕಂಪನಿಯೇ ಅದು. ಫಿಲ್ಟರ್‌ಗೆ ಮಾನ್ ಅಥವಾ ಮಾಲೆ, ಸೆನ್ಸರ್‌ಗೆ ಬಾಷ್. ಮರ್ಸಿಡಿಸ್ ನಕ್ಷತ್ರದ ಡಬ್ಬಿ ಇಲ್ಲದ್ದಕ್ಕೆ ಬೆಲೆ ಎಷ್ಟು ಕಡಿಮೆಯಾಗುತ್ತದೆ ಎಂದು ನೋಡಿದರೆ ಡಬ್ಬಿಗೇ ನಾವು ದುಡ್ಡು ಕೊಡುತ್ತಿದ್ದೆವಾ ಅನ್ನಿಸುತ್ತದೆ. ಪಾರ್ಟ್ಸ್ ಬೆಂಗಳೂರಿನ ಜೆಸಿ ರಸ್ತೆಯಿಂದ ಬಸ್ಸಿಗೆ ಹಾಕಿಸಿದರೆ ಮಾರನೇ ದಿನ ಹಾಸನದಲ್ಲಿ. ಜೆಸಿ ರಸ್ತೆಯಲ್ಲಿ ಡೂಪ್ಲಿಕೇಟೂ ಅಷ್ಟೇ ಸಿಗುತ್ತದೆ, ಅದಕ್ಕೆ ಗೊತ್ತಿರುವ ಅಂಗಡಿಯಿಂದ ಜಿಎಸ್‌ಟಿ ಬಿಲ್ ಸಮೇತ ತರಿಸಿ.

ಪಾರ್ಟ್ ನಂಬರ್ ಓದಲು ಕಲಿತರೆ ಅರ್ಧ ತಲೆನೋವು ಕಡಿಮೆ. ಎ ಅಕ್ಷರ, ಅದರ ಮುಂದೆ ಹತ್ತು ಅಂಕಿ. ಮೊದಲ ಮೂರು ಅಂಕಿ ಆ ಪಾರ್ಟ್ ಮೊದಲು ಯಾವುದಕ್ಕೆ ಮಾಡಿದ್ದು ಎಂದು ಹೇಳುತ್ತದೆ. 212 ಇದ್ದರೆ ಈ ಕಾರಿನ ಬಾಡಿ, 651 ಇದ್ದರೆ ಇಂಜಿನ್, 204 ಇದ್ದರೆ ಆ ಕಾಲದ ಸಿ-ಕ್ಲಾಸಿನದು. ನಿಮ್ಮ ಇ-ಕ್ಲಾಸಿಗೆ 204ರ ಪಾರ್ಟ್ ಕೊಟ್ಟರೆ ಜಗಳಕ್ಕೆ ಹೋಗಬೇಡಿ, ಎರಡಕ್ಕೂ ಎಷ್ಟೋ ಪಾರ್ಟ್ ಒಂದೇ. ವಿಐಎನ್ ಕೊಟ್ಟು ಹೋಲಿಸಿ ನೋಡಿದರೆ ಆಯಿತು.

ಗ್ಯಾರೇಜಿನಲ್ಲೂ ಎಲ್ಲ ಚೆನ್ನಾಗಿತ್ತು ಅಂತಲ್ಲ. ಮೊದಲು ಬಂದ ಆಯಿಲ್ ಕೂಲರ್ ಸೀಲ್ ಬೇರೆ ಸೈಜು, ಎಲ್ಲ ಬಿಚ್ಚಿದ ಮೇಲೆ ಗೊತ್ತಾಯಿತು. ಸರಿಯಾದದ್ದು ಬರುವವರೆಗೆ ಗಾಡಿ ಲಿಫ್ಟ್ ಮೇಲೆ. "ನಾಳೆ ಸಾರ್" ಅನ್ನುವ ಮಾತು ಹಾಸನಕ್ಕೂ ಬಂದಿದೆ. ಕೂರಲು ಪ್ಲಾಸ್ಟಿಕ್ ಕುರ್ಚಿ, ಟಾಯ್ಲೆಟ್ ಬಗ್ಗೆ ಮಾತಾಡುವುದು ಬೇಡ. ಎಸ್ಟಿಮೇಟ್ ಕಾಗದದ ಮೇಲೆ ಕೊಡಲು ಹಿಂಜರಿಯುತ್ತಾರೆ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಬೇಕು. ಆದರೆ ಬಿಚ್ಚಿದ ಪ್ರತಿ ಪಾರ್ಟ್ ಡಿಕ್ಕಿಯಲ್ಲಿ ರಟ್ಟಿನ ಡಬ್ಬಿಗೆ ಹಾಕಿ ಇಟ್ಟಿದ್ದರು, ನಾನು ಕೇಳುವ ಮೊದಲೇ. ಒಟ್ಟು ಖರ್ಚು ಡೀಲರ್ ಎಸ್ಟಿಮೇಟಿನ ಮೂರನೇ ಒಂದು ಭಾಗದ ಆಸುಪಾಸು. ಜರ್ಕ್ ಹೋಯಿತು, ನಡುಕ ಹೋಯಿತು, ನೆಲದ ಮೇಲಿನ ಕಲೆಯೂ ನಿಂತಿತು. ಅಲೈನ್‌ಮೆಂಟ್ ಮಾತ್ರ ಬೇರೆ ಕಡೆ ಮಾಡಿಸಬೇಕಾಯಿತು.

ಹಾಗಾದರೆ ಡೀಲರ್ ಹತ್ತಿರವೇ ಹೋಗಬೇಕಾದ ಕೆಲಸ ಯಾವುವು? ಕೀ, ಇಗ್ನಿಷನ್ ಸ್ವಿಚ್, ಸ್ಟೀರಿಂಗ್ ಲಾಕ್, ಇಂಜಿನ್ ಕಂಟ್ರೋಲ್ ಯೂನಿಟ್, ಗೇರ್‌ಬಾಕ್ಸ್ ಒಳಗೇ ಕೂತಿರುವ ಅದರ ಕಂಟ್ರೋಲ್ ಯೂನಿಟ್. ಇವು ಕಳ್ಳತನ ತಡೆಯುವ ವ್ಯವಸ್ಥೆಗೆ ಸೇರಿದವು. ಕಂಪನಿ ಸರ್ವರ್ ಜೊತೆ ಜೋಡಿಸದೆ ಹೊಸದು ಕೆಲಸ ಮಾಡುವುದಿಲ್ಲ, ಆರ್ಡರ್ ಮಾಡಲೂ ಆರ್‌ಸಿ ಮತ್ತು ಗುರುತಿನ ಚೀಟಿ ಕೇಳುತ್ತಾರೆ. ಹೊರಗೆ "ಮಾಡಿಕೊಡ್ತೀವಿ" ಅನ್ನುವವರು ಇದ್ದಾರೆ, ನಾನಾದರೆ ಕೊಡುವುದಿಲ್ಲ. ಏರ್‌ಬ್ಯಾಗ್ ಕೂಡ ಹಾಗೇ. ಉಳಿದಂತೆ ಪಾರ್ಟ್ಸ್ ಮತ್ತು ಡಯಾಗ್ನೋಸ್ಟಿಕ್ ಟೂಲ್ ಹೊರಗಿನವರಿಗೆ ಸಿಗದ ಹಾಗೆ ಮಾಡುವುದು ಸರಿಯಲ್ಲ ಎಂದು ಸ್ಪರ್ಧಾ ಆಯೋಗ 2014ರಲ್ಲೇ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಕೋರ್ಟಿಗೆ ಹೋದವು, ಅದು ಬೇರೆ ಕಥೆ. ಹಾಸನದಂಥ ಊರಲ್ಲಿ ಇವತ್ತು ಇಂಥ ಗ್ಯಾರೇಜ್ ನಡೆಯುತ್ತಿದೆ ಅಂದರೆ ನನಗಂತೂ ಖುಷಿ.

ಮಲೆನಾಡಿನವರಿಗೆ ಇನ್ನೊಂದೆರಡು ಮಾತು. ಕಂಪನಿ 15,000 ಕಿಲೋಮೀಟರ್ ಅಥವಾ ಒಂದು ವರ್ಷಕ್ಕೆ ಇಂಜಿನ್ ಆಯಿಲ್ ಅನ್ನುತ್ತದೆ, ನಾನು 10,000ಕ್ಕೇ ಹಾಕಿಸುತ್ತೇನೆ. ಮರ್ಸಿಡಿಸ್ ಸ್ಪೆಕ್ 229.51 ಅಥವಾ 229.52 ಎಂದು ಡಬ್ಬಿ ಮೇಲೆ ಬರೆದಿರಬೇಕು, ಯಾವ ಬ್ರಾಂಡ್ ಆದರೂ ಸರಿ. ಈ ಇಂಜಿನ್‌ನ ಟೈಮಿಂಗ್ ಚೈನ್ ಗೇರ್‌ಬಾಕ್ಸ್ ಕಡೆ ಹಿಂದೆ ಇದೆ, ಅಲ್ಲಿ ಏನಾದರೂ ಆದರೆ ಖರ್ಚು ಕೇಳಬೇಡಿ, ಆಯಿಲ್‌ನಲ್ಲಿ ಉಳಿಸುವ ದುಡ್ಡು ಯಾವ ಮೂಲೆಗೂ ಸಾಲದು. ಬ್ರೇಕ್ ಫ್ಲೂಯಿಡ್ ನೀರು ಎಳೆದುಕೊಳ್ಳುತ್ತದೆ, ನಮ್ಮ ಜೂನ್‌ನಿಂದ ಸೆಪ್ಟೆಂಬರ್ ಗಾಳಿಯಲ್ಲಂತೂ ಕೇಳುವುದೇ ಬೇಡ, ಎರಡು ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಸಿಲ್ವರ್ ಓಕ್ ಕೆಳಗೆ ನಿಲ್ಲಿಸುವವರು ವೈಪರ್ ಕೆಳಗಿನ ಜಾಗವನ್ನು ಮಳೆಗೆ ಮೊದಲು ಕ್ಲೀನ್ ಮಾಡಿಸಿ. ಎಲೆ ಕಟ್ಟಿಕೊಂಡು ನೀರು ಹೋಗುವ ತೂತು ಮುಚ್ಚಿದರೆ ನೀರು ಒಳಗಿನ ವೈರಿಂಗ್‌ಗೆ ದಾರಿ ಹುಡುಕುತ್ತದೆ. ಸನ್‌ರೂಫ್ ಡ್ರೈನ್ ಕೂಡ ನೋಡಿಸಿ. ಇಲಿ ಕಾಟ ಬೇರೆ. ವಾರಗಟ್ಟಲೆ ಓಡಿಸದೆ ಇಡುವುದಾದರೆ ಬ್ಯಾಟರಿಗೆ ಚಾರ್ಜರ್ ಹಾಕಿ ಇಡಿ, ಇದಕ್ಕೆ ಎಜಿಎಂ ಎನ್ನುವ ಥರದ ಬ್ಯಾಟರಿಯೇ ಬೇಕು, ಸಾಧಾರಣದ್ದು ಹಾಕಿಸಿದರೆ ಸಿಗ್ನಲ್‌ನಲ್ಲಿ ಇಂಜಿನ್ ತಾನೇ ನಿಂತು ಮತ್ತೆ ಶುರುವಾಗುವ ಸ್ಟಾರ್ಟ್-ಸ್ಟಾಪ್‌ಗೆ ಬಾಳಿಕೆ ಬರುವುದಿಲ್ಲ.

ತೆಗೆದುಕೊಳ್ಳುವ ಯೋಚನೆ ಇದ್ದವರಿಗೆ: ಶುರುವಿನ ವರ್ಷಗಳ ಓಎಂ651 ಇಂಜಿನ್‌ಗಳಲ್ಲಿ ಡೆಲ್ಫಿ ಕಂಪನಿಯ ಪಿಯೆಜೊ ಇಂಜೆಕ್ಟರ್ (ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ) ಸಮಸ್ಯೆ ಬಂದು ಕಂಪನಿ ಬೇರೆ ಥರದ್ದಕ್ಕೆ ಬದಲಾಯಿಸಿತ್ತು. 2010ರ ಆಸುಪಾಸಿನ ಗಾಡಿ ನೋಡುತ್ತಿದ್ದರೆ ಬದಲಾದ ದಾಖಲೆ ಕೇಳಿ. ದೆಹಲಿಯಿಂದ ಬಂದ ಹತ್ತು ವರ್ಷದ ಡೀಸೆಲ್ ಅಗ್ಗಕ್ಕೆ ಸಿಗುತ್ತದೆ, ಹಳೇ ಡೀಸೆಲ್ ಗಾಡಿಗಳ ಮೇಲೆ ಅಲ್ಲಿರುವ ರೂಲ್ಸ್ ಕಾರಣ. ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್ ಸೇರಿಸಿ ಲೆಕ್ಕ ಹಾಕಿದ ಮೇಲೂ ಅಗ್ಗ ಅನ್ನಿಸಿದರೆ ತೆಗೆದುಕೊಳ್ಳಿ. 15 ವರ್ಷ ಆದ ಮೇಲೆ ಆರ್‌ಸಿ ರಿನ್ಯೂವಲ್ ಮತ್ತು ಗ್ರೀನ್ ಟ್ಯಾಕ್ಸ್ ಬೇರೆ ಇದೆ.

ಅಂಕ ಕೊಡಲೇಬೇಕು ಅಂದರೆ ಡೀಲರ್ ಡಯಾಗ್ನೋಸಿಸ್‌ಗೆ ಐದಕ್ಕೆ ನಾಲ್ಕೂವರೆ, ಅದೇ ಡೀಲರ್ ಎಸ್ಟಿಮೇಟಿಗೆ ಒಂದೂವರೆ. ಹಾಸನದ ಗ್ಯಾರೇಜಿಗೆ ನಾಲ್ಕು, ಟೈಮಿಗೆ ಕೊಟ್ಟಿದ್ದರೆ ಇನ್ನೂ ಅರ್ಧ ಸೇರಿಸುತ್ತಿದ್ದೆ. ಇಂಜಿನ್ ಮೌಂಟ್ ಇನ್ನೂ ಹಾಕಿಸಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಸೀಟಿಗೆ ಸ್ವಲ್ಪ ನಡುಕ ಬರುತ್ತಿದೆ, ಡೀಲರ್ ಪಟ್ಟಿಯಲ್ಲಿ ಅದೂ ನಿಜವೇ ಇತ್ತು. ಕಾಫಿ ಕೊಯ್ಲು ಮುಗಿದ ಮೇಲೆ ಹಾಸನಕ್ಕೇ ಬಿಡುತ್ತೇನೆ.